ತಾಳಿದವರು ಬಾಳಿಯಾರು ನಿಜ, ಆದರೆ ಮಂಡಿ ಆಪರೇಷನ್ ನೋವಿಗೆ ಈ ಗಾದೆ ಬೇಡ!

ನಮ್ಮ ಹೆಂಗಸರ ಮಾತನ್ನು ಒಂದು ದಿನ ಗಮನವಿಟ್ಟು ಕೇಳಿ ನೋಡಿ. ತಲೆನೋವೇ? "ಸ್ವಲ್ಪ ಹೊತ್ತು ಮಲಗಿದ್ರೆ ಹೋಗುತ್ತೆ ಬಿಡಿ." ಸೊಂಟನೋವೇ? "ವಯಸ್ಸಾಯ್ತಲ್ಲ, ಇರೋದೇ." ಮೈ ಕಾದ ಹೆಂಚಿನ ಹಾಗೆ ಸುಡುತ್ತಿದ್ದರೂ ಸಾರಿಗೆ ಒಗ್ಗರಣೆ ಕೊಟ್ಟೇ ಮಲಗಲು ಹೋಗುವವರು ನಾವು. ನೋವು ನುಂಗುವುದು ಹೆಣ್ಣಿಗೆ ಭೂಷಣ ಎಂದು ಯಾರೂ ಕೂರಿಸಿಕೊಂಡು ಪಾಠ ಹೇಳಲಿಲ್ಲ. ಅಜ್ಜಿಯನ್ನು ನೋಡಿ ಅಮ್ಮ ಕಲಿತಳು, ಅಮ್ಮನನ್ನು ನೋಡಿ ನಾವು ಕಲಿತೆವು. ಜೊತೆಗೆ 'ತಾಳಿದವನು ಬಾಳಿಯಾನು' ಅನ್ನೋ ಗಾದೆ ಬೇರೆ ಇದೆಯಲ್ಲ!

ಸಂಸಾರದ ಗಾಡಿ ಎಳೆಯಲು ಈ ತಾಳ್ಮೆ ದೊಡ್ಡ ಆಸ್ತಿ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಕಡೆ ಮಾತ್ರ ಇದೇ ತಾಳ್ಮೆ ನಮಗೆ ಶತ್ರುವಾಗುತ್ತದೆ. ಅದು ಮಂಡಿ ಬದಲಾಯಿಸುವ ಆಪರೇಷನ್ ಆದ ಮೇಲಿನ ಮೊದಲ ಕೆಲವು ವಾರಗಳಲ್ಲಿ.

ಹೋದ ವರ್ಷ ನಮ್ಮ ಅತ್ತೆಯವರಿಗೆ ಬಲಮಂಡಿಯ ಆಪರೇಷನ್ ಆಯಿತು. ಅವರಿಗೆ 68 ವರ್ಷ. ಎರಡು ತಿಂಗಳ ಕಾಲ ವಾರಕ್ಕೆ ಮೂರು ದಿನ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಕೋಣೆಗೆ ಹೋಗಿ ಬರುತ್ತಿದ್ದೆ. ಅಲ್ಲಿನ ಬೆಂಚಿನ ಮೇಲೆ ಯಾವಾಗ ನೋಡಿದರೂ ಐದಾರು ಜನ ಅಜ್ಜಿಯರು, ಅಮ್ಮಂದಿರು, ಜೊತೆಗೆ ಬಂದ ಸೊಸೆಯರು, ಹೆಣ್ಣುಮಕ್ಕಳು. ಸರದಿ ಬರುವ ತನಕ ಮಾತೆಲ್ಲ ನೋವಿನದೇ. ಯಾರು ಯಾವ ಮಾತ್ರೆ ಬಿಟ್ಟರು, ಯಾರು ಎಣ್ಣೆ ಹಚ್ಚಿದರು, ಯಾರ ಮನೆಯಲ್ಲಿ ಬದನೆಕಾಯಿ ಬಂದ್ ಆಯಿತು! ಅಲ್ಲಿ ಕೇಳಿದ ನಂಬಿಕೆಗಳನ್ನೂ, ಅದರ ಬಗ್ಗೆ ಡಾಕ್ಟರನ್ನು, ವ್ಯಾಯಾಮ ಮಾಡಿಸುವ ಹುಡುಗಿಯನ್ನು ಕೇಳಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಅಮ್ಮನಿಗೋ, ಅತ್ತೆಗೋ, ಮುಂದೆ ನಮಗೇನೋ ಬೇಕಾದೀತು.

ಒಳಗೆ ಏನು ಮಾಡುತ್ತಾರೆ?

'ಮಂಡಿ ಬದಲಾವಣೆ' ಅಂದರೆ ಇಡೀ ಮಂಡಿಯನ್ನೇ ಕಿತ್ತು ಬೇರೆ ಇಡುತ್ತಾರೆ ಎಂದು ನಮ್ಮ ಅತ್ತೆ ತಿಳಿದಿದ್ದರು. ಹಾಗಲ್ಲ. ತೊಡೆಯ ಮೂಳೆಯ ತುದಿಯನ್ನೂ, ಅದರ ಕೆಳಗಿನ ಕಾಲಿನ ಮೂಳೆಯ ತಲೆಯನ್ನೂ ಸವೆದ ಜಾಗದಲ್ಲಿ ತೆಳ್ಳಗೆ ಕತ್ತರಿಸಿ, ಲೋಹದ ಕವಚ ತೊಡಿಸುತ್ತಾರೆ. ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ತಟ್ಟೆ. ಸವೆದ ಮೂಳೆಗೆ ಮೂಳೆ ಉಜ್ಜುವುದು ಅಲ್ಲಿಗೆ ನಿಲ್ಲುತ್ತದೆ.

ಈ ವಿದ್ಯೆ ಮೊದಲು ಕೈಗೂಡಿದ್ದು ಸೊಂಟದ ಕೀಲಿನಲ್ಲಿ. ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿ ಅವರು 1962ರಲ್ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಇಟ್ಟು ಮಾಡಿದ ಆಪರೇಷನ್ನೇ ಇವತ್ತಿನ ಪದ್ಧತಿಗೆ ತಳಹದಿ. ಮಂಡಿಯದು ಅದರ ಬೆನ್ನಿಗೇ 1970ರ ದಶಕದಲ್ಲಿ ಒಂದು ರೂಪಕ್ಕೆ ಬಂತು. ನಮ್ಮ ದೇಶದಲ್ಲಿ ಬಹಳ ಕಾಲ ಇದು ದುಡ್ಡಿದ್ದವರ ಆಪರೇಷನ್ ಆಗಿತ್ತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಕಡಿವಾಣ ಹಾಕಿತು. ಒಂದೂವರೆ ಲಕ್ಷ ದಾಟುತ್ತಿದ್ದ ಸಾಮಾನ್ಯ ಬಗೆಯ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಆಗ ಮಿತಿ ಗೊತ್ತುಮಾಡಿದರು. ಈಗಂತೂ ನಮ್ಮ ಬೀದಿಯಲ್ಲೇ ಮೂವರು ಮಾಡಿಸಿಕೊಂಡಿದ್ದಾರೆ.

ಚರ್ಮ, ಸ್ನಾಯು, ಮೂಳೆ ಎಲ್ಲಕ್ಕೂ ಕತ್ತಿ ತಾಗಿದ ಮೇಲೆ ನೋವು ಬಾರದೆ ಇರುತ್ತದೆಯೇ? ಮೊದಲ ಒಂದೆರಡು ದಿನ ಮರಗಟ್ಟಿಸುವ ಇಂಜೆಕ್ಷನ್ ಪ್ರಭಾವದಲ್ಲಿ ಅಷ್ಟಾಗಿ ತಿಳಿಯದು. ಆ ದಿನವೋ ಮರುದಿನವೋ ವಾಕರ್ ಹಿಡಿಸಿ ನಿಲ್ಲಿಸಿಯೂ ಬಿಡುತ್ತಾರೆ. "ಅಯ್ಯೋ, ಇಷ್ಟೇನಾ!" ಅಂತ ಹಿಗ್ಗಿದವರು, ಇಂಜೆಕ್ಷನ್ ಇಳಿದ ಮೇಲೆ ಕಂಗಾಲಾಗುತ್ತಾರೆ. ನಂಬಿಕೆಗಳೆಲ್ಲ ತಲೆ ಎತ್ತುವುದು ಆಗಲೇ.

"ತಡೆಯೋಕೆ ಆಗದೇ ಇದ್ದಾಗ ನುಂಗಿದರಾಯ್ತು"

ಬೆಂಚಿನ ಮೇಲೆ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ನಮ್ಮ ಅತ್ತೆಯವರದ್ದೂ ಇದೇ ಪಾಠ. "ಐದು ಹೆತ್ತವಳು ಕಣೇ ನಾನು, ಅದೂ ಮನೆಯಲ್ಲೇ. ಇದೊಂದು ಮಂಡಿಗೆ ಮೂರು ಹೊತ್ತು ಮಾತ್ರೆ ನುಂಗಬೇಕಾ?" ಅನ್ನುತ್ತಿದ್ದರು. ನಮ್ಮ ಮುಂದೆ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ ಹಾಗೆ ಮಾಡಿ, ಆಮೇಲೆ ಮೆಲ್ಲಗೆ ತೆಗೆದು ಎಲೆಅಡಿಕೆ ಡಬ್ಬಿಯ ತಳದಲ್ಲಿ ಇಡುತ್ತಿದ್ದರು! ಮೂರನೇ ವಾರ ನನ್ನ ಮಗಳು ಅಜ್ಜಿಗೆ ಅಡಿಕೆ ಕೊಡಲು ಹೋಗಿ ಹನ್ನೊಂದು ಮಾತ್ರೆ ಹೊರತೆಗೆದಳು.

ಅಷ್ಟರಲ್ಲಿ ಏನಾಗಿತ್ತು ಗೊತ್ತೇ? ಅವರ ಮಂಡಿ 70 ಡಿಗ್ರಿಗಿಂತ ಹೆಚ್ಚು ಮಡಿಸುತ್ತಲೇ ಇರಲಿಲ್ಲ. ನೆಟ್ಟಗೆ ಚಾಚಿದ ಕಾಲು ಸೊನ್ನೆ, ಕುರ್ಚಿಯಲ್ಲಿ ಕೂತಾಗ ನೇರ ಮೂಲೆಯ ಹಾಗೆ ಮಡಿಸಿದ್ದು 90 ಎಂದು ಲೆಕ್ಕ. ಮೆಟ್ಟಿಲು ಹತ್ತಿ ಇಳಿಯಲು ಹೆಚ್ಚುಕಡಿಮೆ 90 ಬೇಕು, ತಗ್ಗು ಕುರ್ಚಿಯಿಂದ ಏಳಲು ಅದಕ್ಕಿಂತ ಇನ್ನಷ್ಟು ಬೇಕು. 70 ಡಿಗ್ರಿಯ ಮಂಡಿ ಇಟ್ಟುಕೊಂಡು ಮನೆಯ ಮೂರು ಮೆಟ್ಟಿಲು ಇಳಿಯುವುದೂ ಕಷ್ಟವೇ.

ವ್ಯಾಯಾಮ ಮಾಡಿಸುವ ಹುಡುಗಿ ನಕ್ಕುಕೊಂಡೇ ಹೇಳಿದಳು: "ಅಜ್ಜೀ, ಹೆರಿಗೆ ನೋವು ಮಗು ಬಂದ ಮೇಲೆ ನಿಂತುಹೋಯ್ತು. ಇಲ್ಲಿ ಮಗು ಬರೋದು ಮಂಡಿ ಮಡಿಸಿದ ಮೇಲೆ. ನೋವು ತಿಂತಾ ಕೂತ್ರೆ ಮಡಿಸೋರು ಯಾರು?" ಅತ್ತೆ ಮರುಮಾತಾಡಲಿಲ್ಲ.

ವಿಷಯ ಇಷ್ಟೇ. ಹಾಲು ಉಕ್ಕುವ ಮೊದಲೇ ನಾವು ಉರಿ ತಗ್ಗಿಸುತ್ತೇವೆ. ಉಕ್ಕಿ ಒಲೆಯೆಲ್ಲ ಆದ ಮೇಲೆ ತಗ್ಗಿಸಿ ಏನು ಬಂತು? ನೋವೂ ಹಾಗೆಯೇ. ಅದು ಮಿತಿಮೀರಿದ ಮೇಲೆ ಇಳಿಸಲು ಹೆಚ್ಚು ಔಷಧಿ ಬೇಕು, ಹೆಚ್ಚು ಹೊತ್ತೂ ಬೇಕು. ಅದಕ್ಕೇ ಮೊದಲ ವಾರಗಳಲ್ಲಿ ಡಾಕ್ಟರು ಗಡಿಯಾರ ನೋಡಿ ನುಂಗುವ ಹಾಗೆ ಮಾತ್ರೆ ಬರೆದಿರುತ್ತಾರೆ. ವ್ಯಾಯಾಮಕ್ಕೆ ಅರ್ಧ ಗಂಟೆ, ಒಂದು ಗಂಟೆ ಮುಂಚೆ ಹೊಟ್ಟೆಯಲ್ಲಿ ಮಾತ್ರೆ ಇದ್ದರೆ ಕಾಲು ಮಾತು ಕೇಳುತ್ತದೆ. ಮಾತ್ರೆ ಇರುವುದು ಸುಖವಾಗಿ ಮಲಗಲಿ ಅಂತಲ್ಲ, ಎದ್ದು ಕಾಲು ಆಡಿಸಲಿ ಅಂತ.

"ಮಾತ್ರೆ ಉಷ್ಣ, ಕಿಡ್ನಿ ಹೋಗುತ್ತೆ, ಅಭ್ಯಾಸ ಆಗಿಬಿಡುತ್ತೆ"

ಈ ಭಯ ಪೂರ್ತಿ ಸುಳ್ಳಲ್ಲ, ಆದ್ದರಿಂದಲೇ ಬಿಡಿಸಿ ಹೇಳಬೇಕು. ನೋವಿನ ಮಾತ್ರೆ ಅಂದರೆ ಎಲ್ಲವೂ ಒಂದೇ ಜಾತಿ ಎಂದು ನಾವು ತಿಳಿಯುತ್ತೇವೆ. ಆಪರೇಷನ್ ಆದವರ ಚೀಟಿಯಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಬಗೆಯವು ಇರುತ್ತವೆ.

ಒಂದು, ಪ್ಯಾರಸಿಟಮಾಲ್. ಜ್ವರಕ್ಕೆ ಕೊಡುತ್ತೇವಲ್ಲ, ಅದೇ. ಹೇಳಿದ ಅಳತೆಯಲ್ಲಿ ತೆಗೆದುಕೊಂಡರೆ ಹೊಟ್ಟೆಗೂ ಕಿಡ್ನಿಗೂ ಹೆಚ್ಚು ತೊಂದರೆ ಕೊಡದ್ದು. ಅಳತೆ ಮೀರಿದರೆ ಮಾತ್ರ ಲಿವರ್‌ಗೆ ಅಪಾಯ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಕಡೆಯ ಮಿತಿ. ವಯಸ್ಸಾದವರಿಗೆ, ತೀರಾ ಸಣಕಲಾದವರಿಗೆ, ಲಿವರ್ ತೊಂದರೆ ಇರುವವರಿಗೆ ಡಾಕ್ಟರು ಅದಕ್ಕಿಂತ ಕಡಿಮೆ ಮಾಡುತ್ತಾರೆ. ನೆಗಡಿಯ ಎಷ್ಟೋ ಮಾತ್ರೆಗಳಲ್ಲಿಯೂ ಇದೇ ಔಷಧಿ ಬೇರೆ ಹೆಸರಿನಲ್ಲಿ ಸೇರಿರುತ್ತದೆ. ಹಾಗಾಗಿ ಮನೆಯಲ್ಲಿದ್ದ ನೆಗಡಿ ಮಾತ್ರೆಯನ್ನು ಕೇಳದೆ ಜೊತೆಗೆ ಕೊಡಬೇಡಿ.

ಎರಡು, ಊತ ಇಳಿಸುವ ನೋವಿನ ಮಾತ್ರೆಗಳು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಈ ಗುಂಪಿನವು. 'ಕಿಡ್ನಿ ಹೋಗುತ್ತೆ' ಅನ್ನೋ ಭಯಕ್ಕೆ ಮೂಲ ಇವೇ. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ಹೃದಯದ ಕಾಯಿಲೆ ಇದ್ದವರಿಗೆ ಇವು ಆಗಿಬರುವುದಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ಇವುಗಳ ಜೊತೆ ಕೂಡಿದರೂ ಎಚ್ಚರ ಬೇಕು. ಆದ್ದರಿಂದ ಇವನ್ನು ಡಾಕ್ಟರು ಬರೆದಷ್ಟು ದಿನ, ಬರೆದಷ್ಟೇ, ಊಟವಾದ ಮೇಲೆ. ಅಂಗಡಿಯಲ್ಲಿ 'ನೋವಿಗೆ ಒಂದು ಒಳ್ಳೆ ಮಾತ್ರೆ ಕೊಡಿ' ಅಂತ ಕೈಚಾಚಿ ವರ್ಷಗಟ್ಟಲೆ ನುಂಗುತ್ತಾರಲ್ಲ, ಕಿಡ್ನಿ ಕೆಡುವ ದಾರಿ ಅದು. ತಮಾಷೆ ನೋಡಿ, ಆಪರೇಷನ್‌ಗೆ ಮುಂಚೆ ಹತ್ತು ವರ್ಷ ಕೇಳದೆ ನುಂಗಿದವರೇ, ಆಪರೇಷನ್ ಆದ ಮೇಲೆ ಡಾಕ್ಟರು ಲೆಕ್ಕ ಹಾಕಿ ಕೊಟ್ಟಿದ್ದಕ್ಕೆ ಹೆದರುತ್ತಾರೆ!

ಮೂರು, ಟ್ರಮಡಾಲ್‌ನಂಥ ಬಲವಾದ ಮಾತ್ರೆಗಳು. ಅಭ್ಯಾಸವಾಗುವ ಮಾತು ಬರುವುದು ಇವುಗಳ ವಿಷಯದಲ್ಲಿ. ಬಹಳ ಕಾಲ ತೆಗೆದುಕೊಂಡರೆ ಆ ಅಪಾಯ ಇದೆ. ಅದಕ್ಕೇ ಡಾಕ್ಟರು ತೀರಾ ನೋವಿರುವ ಸ್ವಲ್ಪ ದಿನಕ್ಕೆ ಮಾತ್ರ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ. ಇವುಗಳಿಂದ ಕೆಲವರಿಗೆ ವಾಕರಿಕೆ, ತೂಕಡಿಕೆ, ತಲೆಸುತ್ತು, ಮಲಬದ್ಧತೆ ಬರುತ್ತದೆ. ಆಗ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಾಗಬೇಡಿ. ಫೋನ್ ಮಾಡಿ ಹೇಳಿದರೆ ಬದಲಾಯಿಸಿ ಕೊಡುತ್ತಾರೆ. ತೂಕಡಿಸುವವರನ್ನು ರಾತ್ರಿ ಒಬ್ಬರನ್ನೇ ಬಚ್ಚಲಿಗೆ ಬಿಡಬೇಡಿ, ಬಿದ್ದಾರು.

"ನೋವಿದ್ದರೆ ಕಾಲು ಅಲ್ಲಾಡಿಸಬಾರದು, ಒಳಗಿನದು ಸಡಿಲ ಆಗುತ್ತೆ"

ಕೈ ಮುರಿದರೆ ಕಟ್ಟುಹಾಕಿ ಆರು ವಾರ ಅಲ್ಲಾಡಿಸದೆ ಇಡುತ್ತಾರೆ. ಅದನ್ನು ನೋಡಿ ಬೆಳೆದ ನಮಗೆ, ಕತ್ತರಿಸಿದ ಮಂಡಿಯನ್ನು ಮರುದಿನವೇ ಮಡಿಸಿ ಎಂದರೆ ನಂಬಿಕೆ ಬರುವುದಿಲ್ಲ. 'ನೋವು ಅಂದರೆ ಒಳಗೆ ಏನೋ ಹಾಳಾಗುತ್ತಿದೆ' ಎಂಬ ಹೆದರಿಕೆ. ಆದರೆ ಡಾಕ್ಟರು ಸಾಮಾನ್ಯವಾಗಿ ಮೊದಲ ದಿನದಿಂದಲೇ ಭಾರ ಬಿಟ್ಟು ನಿಲ್ಲಲು ಹೇಳುವುದು, ಒಳಗಿನದು ಅಷ್ಟು ಭದ್ರವಾಗಿ ಕೂತಿರುವುದರಿಂದ. ಕಲಿಸಿಕೊಟ್ಟ ವ್ಯಾಯಾಮದಿಂದ ಅದು ಸಡಿಲವಾಗುವುದಿಲ್ಲ. ಮಡಿಸುವಾಗ ಎಳೆದ ಹಾಗೆ, ಬಿಗಿದ ಹಾಗೆ ಆಗುವ ನೋವು ಗಾಯ ಮಾಯುವಾಗಿನ ನೋವು.

ಅಲ್ಲಾಡಿಸದೆ ಇಟ್ಟರೆ ಆಗುವ ಅನಾಹುತ ದೊಡ್ಡದು. ನಂಜನಗೂಡಿನ ಕಡೆಯಿಂದ ಒಬ್ಬ ಅಮ್ಮ ಬರುತ್ತಿದ್ದರು, ನಿವೃತ್ತ ಟೀಚರು. ಬಹಳ ಗಟ್ಟಿಗಿತ್ತಿ. ಆಪರೇಷನ್ ಆದ ಮೇಲೆ ಒಂದು ಸಲವೂ ಅಳಲಿಲ್ಲವಂತೆ, 'ಅಮ್ಮಾ' ಅನ್ನಲಿಲ್ಲವಂತೆ. ಮಾತ್ರೆ ನಾಲ್ಕೇ ದಿನಕ್ಕೆ ನಿಲ್ಲಿಸಿದರು. ಮನೆಗೆ ಬಂದವರೆಲ್ಲ "ಎಷ್ಟು ಧೈರ್ಯ ನಿಮಗೆ!" ಅಂತ ಹೊಗಳಿದರು. ಆದರೆ ಮಡಿಸಲು ಹೋದರೆ ಪ್ರಾಣ ಹೋಗುವಷ್ಟು ನೋವು. ಹಾಗಾಗಿ ಮಡಿಸುವುದನ್ನೇ ಬಿಟ್ಟರು. ಎರಡು ತಿಂಗಳಾಗುವ ಹೊತ್ತಿಗೆ ಒಳಗೆ ಗಾಯದ ಅಂಟು ಬೆಳೆದು ಮಂಡಿ 60 ಡಿಗ್ರಿಗೆ ಬಿಗಿದುಕೊಂಡಿತ್ತು. ಕಡೆಗೆ ಮತ್ತೆ ಆಸ್ಪತ್ರೆ ಸೇರಿಸಿ, ಅರಿವಳಿಕೆ ಕೊಟ್ಟು, ಡಾಕ್ಟರೇ ಮಂಡಿಯನ್ನು ಮಡಿಸಿ ಒಳಗಿನ ಬಿಗಿತ ಬಿಡಿಸಬೇಕಾಯಿತು. ಹೀಗೆ ಬಿಡಿಸುವುದಕ್ಕೂ ಕಾಲ ಮೀರಬಾರದು. ಮೊದಲ ಮೂರು ತಿಂಗಳ ಒಳಗೆ ಆದರೆ ಅನುಕೂಲ, ತಡವಾದಷ್ಟೂ ಕಷ್ಟ.

ಅವರು ಆಮೇಲೆ ಬೆಂಚಿನ ಮೇಲೆ ಕೂತು ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ ಕಣ್ರಮ್ಮ. ಧೈರ್ಯ ಅಂದ್ರೆ ನೋವು ತಿನ್ನೋದಲ್ಲ, ಮಂಡಿ ಮಡಿಸೋದು ಅಂತ ನನಗೆ ಯಾರೂ ಹೇಳಲಿಲ್ಲ."

ದಿಂಬು, ಬಿಸಿನೀರು, ಎಣ್ಣೆ

ಮಂಡಿಯ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ನಿಜ. ಪ್ರೀತಿಯಿಂದ ಎಲ್ಲರ ಮನೆಯಲ್ಲೂ ಮೊದಲು ಮಾಡುವುದೇ ಅದನ್ನು. ಆದರೆ ಹಾಗೆ ಗಂಟೆಗಟ್ಟಲೆ ಮಲಗಿದರೆ ಮಂಡಿ ಅರ್ಧ ಮಡಿಸಿದಲ್ಲೇ ಕೂತು, ಕಾಲು ಪೂರ್ತಿ ನೆಟ್ಟಗಾಗುವುದಿಲ್ಲ, ಆಮೇಲೆ ಕುಂಟುನಡಿಗೆ. ಊತಕ್ಕೆ ಕಾಲು ಎತ್ತರದಲ್ಲಿ ಇರಬೇಕಾದರೆ ಹಿಮ್ಮಡಿಯ ಕೆಳಗೆ ದಿಂಬು ಇಡಿ, ಮಂಡಿ ನೆಟ್ಟಗೆ ಇರಲಿ.

ಮಂಡಿನೋವಿಗೆ ವರ್ಷಾನುಗಟ್ಟಲೆ ಬಿಸಿನೀರಿನ ಚೀಲ ಇಟ್ಟು ರೂಢಿ. ಆಪರೇಷನ್ ಆದ ಹೊಸದರಲ್ಲಿ ಅದು ಬೇಡ, ಊತ ಹೆಚ್ಚುತ್ತದೆ. ಆಗ ಬೇಕಾದ್ದು ತಣ್ಣನೆಯದು. ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಣ ಟವೆಲ್ ಸುತ್ತಿ, 15–20 ನಿಮಿಷ ಮಂಡಿಯ ಮೇಲೆ ಇಡಿ. ದಿನಕ್ಕೆ ಮೂರುನಾಲ್ಕು ಸಲ, ವ್ಯಾಯಾಮದ ನಂತರ ತಪ್ಪದೆ. ಬರೀ ಚರ್ಮದ ಮೇಲೆ ನೇರವಾಗಿ ಇಡಬಾರದು. ಗಾಯದ ಸುತ್ತ ಸ್ಪರ್ಶ ಮಂದವಾಗಿರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಮಂದ. ಚರ್ಮ ಕೆಟ್ಟದ್ದು ಗೊತ್ತೇ ಆಗುವುದಿಲ್ಲ. 'ಮಂಜುಗಡ್ಡೆ ಇಟ್ಟರೆ ಶೀತ ಹತ್ತುತ್ತೆ, ವಾತ ಆಗುತ್ತೆ' ಎಂದು ಅತ್ತೆ ಮೊದಲು ಒಪ್ಪಲೇ ಇಲ್ಲ. ಒಂದು ಸಂಜೆ ಇಟ್ಟು ನೋಡಿದ ಮೇಲೆ ತಾವೇ ಫ್ರಿಜ್ಜಿನ ಕಡೆ ನೋಡತೊಡಗಿದರು.

ಇನ್ನು ಎಣ್ಣೆ. ಗಾಯ ಪೂರ್ತಿ ಮಾಯುವ ತನಕ ಎಣ್ಣೆ, ಅರಿಸಿನ, ಸೊಪ್ಪಿನ ರಸ ಯಾವುದೂ ಅದರ ಮೇಲೆ ಬೇಡ. ಹೊಸ ಮಂಡಿಗೆ ನಂಜು ಸೇರಿದರೆ ಅದನ್ನು ಬಿಡಿಸುವುದು ಬಹಳ ಕಷ್ಟ, ಮತ್ತೊಂದು ಆಪರೇಷನ್ನೇ ಬೇಕಾದೀತು. ಮೀನಖಂಡವನ್ನೂ ತಿಕ್ಕಬೇಡಿ. ಆಪರೇಷನ್ ಆದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇರುತ್ತದೆ. ಅದನ್ನು ತಪ್ಪಿಸಲೆಂದೇ ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ, ರಕ್ತ ತೆಳುಮಾಡುವ ಔಷಧಿ ಕೊಡುವುದು. ಗಾಯ ಮಾಯ್ದ ಮೇಲೆ ಡಾಕ್ಟರನ್ನು ಕೇಳಿ ಬೇಕಾದರೆ ಎಣ್ಣೆ ಸವರಿ.

ನಂಜು, ವಾಯು ಮತ್ತು ಅಡುಗೆಮನೆ

ಬದನೆಕಾಯಿ ನಂಜು, ಆಲೂಗಡ್ಡೆ ವಾಯು, ಮೊಸರು ಶೀತ, ಬೇಳೆ ಗ್ಯಾಸು... ಹೀಗೆ ಒಂದೊಂದೇ ಬಿಟ್ಟು ಕಡೆಗೆ ಅನ್ನ-ತಿಳಿಸಾರಿಗೆ ಬಂದು ನಿಂತವರನ್ನು ನೋಡಿದ್ದೇನೆ. ಗಾಯ ಮಾಯಲು, ಸ್ನಾಯು ಗಟ್ಟಿಯಾಗಲು ಬೇಕಾದ ಪ್ರೋಟೀನು ಇರುವುದೇ ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆಯಲ್ಲಿ. ಬಲವಾದ ಮಾತ್ರೆ, ಓಡಾಟವಿಲ್ಲದ ಮೈ, ಎರಡೂ ಸೇರಿ ಮಲಬದ್ಧತೆ ತರುತ್ತವೆ. ಅದಕ್ಕೆ ಹೆದರಿಯೇ ಎಷ್ಟೋ ಜನ ನೋವಿನ ಮಾತ್ರೆ ಬಿಡುತ್ತಾರೆ. ಕಮೋಡ್ ಮೇಲೆ ಕೂತು ಮುಕ್ಕುವುದಕ್ಕೂ ಮಂಡಿ ನೋಯುತ್ತದಲ್ಲ!

ನಾನು ಮಾಡುತ್ತಿದ್ದ ಸುಲಭದ ಕೋಸಂಬರಿ ಇಲ್ಲಿದೆ. ಅರ್ಧ ಬಟ್ಟಲು ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿದುಕೊಳ್ಳಿ. ವಯಸ್ಸಾದವರಿಗೆ ಅಗಿಯಲು ಕಷ್ಟವಾದರೆ ಆವಿಯಲ್ಲಿ ಐದು ನಿಮಿಷ ಇಟ್ಟು ತೆಗೆಯಿರಿ. ಒಂದು ಸೌತೆಕಾಯಿ, ಒಂದು ಕ್ಯಾರೆಟ್ ತುರಿದು ಸೇರಿಸಿ, ಕೊತ್ತಂಬರಿ ಸೊಪ್ಪು, ತೆಂಗಿನತುರಿ, ನಿಂಬೆರಸ, ಉಪ್ಪು ಹಾಕಿ, ಸಾಸಿವೆ-ಇಂಗಿನ ಒಗ್ಗರಣೆ ಕೊಡಿ. ಪ್ರೋಟೀನೂ ಆಯಿತು, ನಾರೂ ಆಯಿತು. ಜೊತೆಗೆ ಪರಂಗಿಹಣ್ಣು, ಸೊಪ್ಪಿನ ಪಲ್ಯ, ಸಾಕಷ್ಟು ನೀರು. ಇಷ್ಟಾದರೂ ಸರಿಹೋಗದಿದ್ದರೆ ಇಸಬಗೋಲು ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ.

"ಅವರು ಓಡಾಡ್ತಾರೆ, ನನಗೇ ಯಾಕೆ ಹೀಗೆ?"

ಇನ್ನೊಂದು ನಂಬಿಕೆ: ಆಪರೇಷನ್ ಆಯಿತು ಅಂದ ಮೇಲೆ ಹದಿನೈದು ದಿನಕ್ಕೆ ನೋವು ಮಾಯವಾಗಬೇಕು, ಆಗಲಿಲ್ಲ ಅಂದರೆ ಆಪರೇಷನ್ ಕೆಟ್ಟಿದೆ ಎಂದು. ಪಕ್ಕದ ಮನೆಯವರು ಒಂದು ತಿಂಗಳಿಗೇ ದೇವಸ್ಥಾನಕ್ಕೆ ಹೋದರು, ನಾನಿನ್ನೂ ವಾಕರ್ ಹಿಡಿದಿದ್ದೇನೆ ಎಂದು ಅತ್ತೆ ಕಣ್ಣೀರು ಹಾಕಿದ್ದುಂಟು.

ಮಂಡಿ ತನ್ನ ಸಮಯ ತೆಗೆದುಕೊಳ್ಳುತ್ತದೆ. ಮೊದಲ ಎರಡು ವಾರ ಹೆಚ್ಚು ನೋವು. ಅಲ್ಲಿಂದ ಆರು ವಾರದ ತನಕ ಹಗಲು ಪರವಾಗಿಲ್ಲ, ರಾತ್ರಿ ನಿದ್ದೆ ಕೆಡುವುದು ಬಹಳ ಜನಕ್ಕೆ. ಮೂರು ತಿಂಗಳಿಗೆ ಮನೆಯ ಓಡಾಟ ಹೆಚ್ಚುಕಡಿಮೆ ಸಲೀಸು. ಮಂಡಿ ಸ್ವಲ್ಪ ಬೆಚ್ಚಗಿರುವುದು, ಸಂಜೆಯಾದರೆ ಊದುವುದು ಕೆಲವು ತಿಂಗಳು ಇದ್ದೇ ಇರುತ್ತದೆ. ಗಾಯದ ಹೊರಮಗ್ಗುಲಲ್ಲಿ ಜೋಮು ಹಿಡಿದ ಹಾಗಿರುವುದೂ ಸಾಮಾನ್ಯ. ಪೂರ್ತಿ ಸುಧಾರಿಸಲು ಒಂದು ವರ್ಷವೂ ಹಿಡಿಯಬಹುದು. ಒಂದು ದಿನ ಚೆನ್ನಾಗಿ ನಡೆದು, ಮರುದಿನ ನೋವು ಹೆಚ್ಚಿದರೆ ಎದೆಗುಂದಬೇಡಿ. ಒಂದು ದಿನ ಸ್ವಲ್ಪ ಕಡಿಮೆ ಮಾಡಿ, ಮತ್ತೆ ಮುಂದುವರಿಸಿ.

ಒಂದು ಕಹಿ ಸತ್ಯವನ್ನೂ ಮುಚ್ಚಿಡಬಾರದು. ಮಂಡಿ ಬದಲಾಯಿಸಿದವರಲ್ಲಿ ಹೆಚ್ಚಿನವರಿಗೆ ಹಳೆಯ ನೋವು ಹೋಗುತ್ತದೆ. ಆದರೆ ಐದು ಜನರಲ್ಲಿ ಒಬ್ಬರಷ್ಟು ಮಂದಿಗೆ ಒಂದಷ್ಟು ನೋವು ಉಳಿದುಬಿಡುತ್ತದೆ ಎಂದು ಡಾಕ್ಟರುಗಳೇ ಹೇಳುತ್ತಾರೆ. ಮೂರು ತಿಂಗಳು ಕಳೆದರೂ ನೋವು ಇಳಿಯದಿದ್ದರೆ 'ನನ್ನ ಹಣೆಬರಹ' ಅಂತ ಸುಮ್ಮನಿರದೆ ಮತ್ತೆ ಹೋಗಿ ತೋರಿಸಿ. ಕಾರಣ ಹುಡುಕಿ ನೋಡಲು ದಾರಿಗಳಿವೆ. ಆಪರೇಷನ್‌ಗೆ ಮುಂಚೆಯೇ ಈ ಮಾತನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳುವುದು ಒಳ್ಳೆಯದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದೇ, ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚಬಹುದೇ, ಕೂತು ರಂಗೋಲಿ ಬಿಡಬಹುದೇ ಎಂದೂ ಆಗಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ಗೊತ್ತಿದ್ದರೆ ಆಮೇಲೆ ನಿರಾಶೆ ಇಲ್ಲ.

"ಪರವಾಗಿಲ್ಲ ಡಾಕ್ಟ್ರೇ"

ಮನೆಯಲ್ಲಿ ರಾತ್ರಿಯೆಲ್ಲ ನರಳಿದವರು ಡಾಕ್ಟರ ಮುಂದೆ ಕೂತಾಗ ಹೇಳುವುದೇನು? "ಪರವಾಗಿಲ್ಲ ಡಾಕ್ಟ್ರೇ, ಚೆನ್ನಾಗಿದೀನಿ." ದೊಡ್ಡವರ ಮುಂದೆ ದೂರು ಹೇಳಬಾರದು ಎಂಬ ಸಂಕೋಚ, ಹೇಳಿದರೆ ಇನ್ನಷ್ಟು ಮಾತ್ರೆ ಬರೆದು ಮಗನಿಗೆ ಖರ್ಚು ಎಂಬ ಯೋಚನೆ. ಡಾಕ್ಟರು ಪಾಪ, ಬಾಯಿಂದ ಬಂದದ್ದನ್ನೇ ನಂಬಿ ಚೀಟಿ ಬರೆಯುತ್ತಾರೆ.

ಇದಕ್ಕೆ ಅವರೇ ಒಂದು ಉಪಾಯ ಹೇಳಿಕೊಟ್ಟರು. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾರದ ನೋವು. ದಿನಕ್ಕೆ ಮೂರು ಸಲ, ಮಲಗಿದಾಗ ಎಷ್ಟು, ಮಂಡಿ ಮಡಿಸುವಾಗ ಎಷ್ಟು ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಪಕ್ಕದಲ್ಲೇ ಯಾವ ಮಾತ್ರೆ, ಎಷ್ಟು ಗಂಟೆಗೆ ಎಂದು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲೇ ನನ್ನ ಮಗಳು ಗೆರೆ ಎಳೆದಳು. ಅತ್ತೆ ಮೊದಲು "ನೋವಿಗೂ ಮಾರ್ಕ್ಸಾ?" ಅಂತ ನಕ್ಕರು. ಆಮೇಲೆ ತಾವೇ ಕೂಗಿ ಹೇಳುತ್ತಿದ್ದರು, "ಈಗ ಆರು ಬರಕೋ ಪುಟ್ಟೀ!" ಮಡಿಸುವಾಗ ಎಂಟು ಇದ್ದದ್ದು, ಮಾತ್ರೆಯ ಹೊತ್ತು ಬದಲಾಯಿಸಿದ ಮೇಲೆ ಐದಕ್ಕೆ ಇಳಿದದ್ದು ಕಣ್ಣಿಗೆ ಕಂಡಿತು. ಆರನೇ ವಾರಕ್ಕೆ ಮಂಡಿ 100 ಡಿಗ್ರಿ ಮಡಿಸಿತು.

ಮಾತಿನಲ್ಲಿ ಹೇಳದವರ ಮುಖ ನೋಡಿ ತಿಳಿಯುವುದು ನಮ್ಮ ಕೆಲಸ. ಊಟ ಅರ್ಧಕ್ಕೆ ಬಿಡುವುದು, ವ್ಯಾಯಾಮದ ಹೊತ್ತಿಗೆ ನಿದ್ದೆ ಬರುತ್ತಿದೆ ಅನ್ನುವುದು, ಮೊಮ್ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುವುದು, ಇವೆಲ್ಲ ನೋವಿನ ಬೇರೆ ಬೇರೆ ಹೆಸರುಗಳು.

ಯಾವಾಗ ಕಾಯಬಾರದು?

ಸಹಜ ನೋವು ದಿನದಿಂದ ದಿನಕ್ಕಲ್ಲದಿದ್ದರೂ ವಾರದಿಂದ ವಾರಕ್ಕೆ ಇಳಿಯುತ್ತದೆ. ಈ ಕೆಳಗಿನವು ಸಹಜವಲ್ಲ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು:

— ಮೀನಖಂಡ ಊದಿ, ಕೆಂಪಾಗಿ, ಮುಟ್ಟಿದರೆ ನೋಯುವುದು.
— ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋಯುವುದು. ಇದಕ್ಕೆ ಒಂದು ನಿಮಿಷವೂ ತಡ ಬೇಡ.
— ಜ್ವರ, ಚಳಿ. ಗಾಯದಿಂದ ಕೀವು ಅಥವಾ ನೀರು ಸೋರುವುದು. ಗಾಯದ ಸುತ್ತ ಕೆಂಪು ಹರಡುವುದು.
— ಇಳಿಯುತ್ತಿದ್ದ ನೋವು ದಿಢೀರನೆ ಏರುವುದು, ಬಿದ್ದ ಮೇಲೆ ಕಾಲೂರಲು ಆಗದಿರುವುದು.
— ಕಪ್ಪು ಬಣ್ಣದ ಮಲ, ರಕ್ತವಾಂತಿ, ಮೂತ್ರ ತೀರಾ ಕಡಿಮೆಯಾಗುವುದು.

ಮನೆಯವರಿಗೆ ಎರಡು ಮಾತು

ಆಪರೇಷನ್‌ಗೆ ಲಕ್ಷಗಟ್ಟಲೆ ಸುರಿಯಲು ಮನೆಯವರು ಹಿಂದೆಮುಂದೆ ನೋಡುವುದಿಲ್ಲ. ಆದರೆ ಅದಾದ ಮೇಲಿನ ಆರು ವಾರಕ್ಕೆ ಬೇಕಾದ್ದು ದುಡ್ಡಿಗಿಂತ ಹೊತ್ತು. ಮಾತ್ರೆ ಕೈಗೆ ಕೊಟ್ಟು ನುಂಗುವ ತನಕ ನಿಲ್ಲುವ ಎರಡು ನಿಮಿಷ, ಮಂಜುಗಡ್ಡೆ ಇಡುವ ಕಾಲು ಗಂಟೆ, ವ್ಯಾಯಾಮದ ಹೊತ್ತಿಗೆ ಪಕ್ಕದಲ್ಲಿ ಕೂತು ಒಂದು, ಎರಡು, ಮೂರು ಎಣಿಸುವ ಅರ್ಧ ಗಂಟೆ. ಇದನ್ನೆಲ್ಲ ಸೊಸೆಯೊಬ್ಬಳ ತಲೆಗೆ ಕಟ್ಟದೆ ಮನೆಯ ಗಂಡಸರೂ ಹಂಚಿಕೊಳ್ಳಬೇಕು. ನಮ್ಮ ಮನೆಯಲ್ಲಿ ರಾತ್ರಿಯ ಮಾತ್ರೆ, ಮಂಜುಗಡ್ಡೆ ನಮ್ಮ ಯಜಮಾನರದ್ದು. ಮಗನ ಕೈಯಿಂದ ಕೊಟ್ಟ ಮಾತ್ರೆ ಎಲೆಅಡಿಕೆ ಡಬ್ಬಿ ಸೇರಲಿಲ್ಲ!

ಬಂದು ನೋಡಿ ಹೋಗುವ ನೆಂಟರೂ "ನಮ್ಮ ಅತ್ತಿಗೆ ಒಂದೇ ಒಂದು ಮಾತ್ರೆ ನುಂಗಲಿಲ್ಲ ಗೊತ್ತಾ" ಅಂತ ಹೊಗಳಿಕೆಯ ಕಥೆ ಹೇಳದಿದ್ದರೆ ದೊಡ್ಡ ಉಪಕಾರ. ಆ ಮಾತು ಕೇಳಿದ ಮರುಕ್ಷಣ ಮಲಗಿರುವವರು ಮುಂದಿನ ಮಾತ್ರೆಗೆ ಬಾಯಿ ಬಿಗಿದುಕೊಳ್ಳುತ್ತಾರೆ.

ಸೋದರಿಯರೇ, ಹತ್ತಾರು ವರ್ಷ ಸವೆದ ಮಂಡಿಯ ಮೇಲೆ ನಿಂತು ಮನೆಗೆ ಅನ್ನ ಬೇಯಿಸಿದವರು ನಮ್ಮ ಹಿರಿಯರು. ಸಹಿಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಈಗ ಕಲಿಸಬೇಕಾಗಿರುವುದು "ನೋಯುತ್ತಿದೆ" ಎಂದು ಹೊತ್ತಿಗೆ ಸರಿಯಾಗಿ ಹೇಳುವುದನ್ನು. ಆ ಒಂದು ಮಾತು ಬಾಯಿಂದ ಬಂದರೆ ಅರ್ಧ ಕೆಲಸ ಆದಂತೆ. ಉಳಿದರ್ಧ, ಕೇಳಿಸಿಕೊಂಡ ನಮ್ಮದು.